ಪ್ರೋಗ್ರಾಮಿಂಗ್ ಕಲಿಕೆ: ಎಲ್ಲಿಂದ ಆರಂಭಿಸಬೇಕು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಶಾಲೆ, ಕಾಲೇಜುಗಳಲ್ಲಿ ಓದಿ ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಸೇರಲು ಹೊರಟಿದ್ದೀರಾ? ತರಗತಿಗಳು ಆರಂಭವಾಗುವ ಮೊದಲು ಕೆಲವು ವಾರ ಬಿಡುವು ಸಿಗುತ್ತದೆ. ಆಗ ಕಾಡುವ ಪ್ರಶ್ನೆಗಳು ಇವು: ಹಣ ಕೊಟ್ಟು ಕೋಚಿಂಗ್ ಸೇರಬೇಕೆ? ಮನೆಯಲ್ಲಿ ಕಂಪ್ಯೂಟರ್ ಇಲ್ಲದವರ ಗತಿಯೇನು? ಮೊದಲು ಕಲಿಯಬೇಕಾದ್ದು ಸಿ ಭಾಷೆಯೋ, ಪೈಥಾನೋ?

ಪ್ರೋಗ್ರಾಮ್ ಎಂದರೆ ಒಂದು ಕೆಲಸವನ್ನು ಗೊಂದಲಕ್ಕೆ ಎಡೆಯಿಲ್ಲದಂತೆ ಹಂತಹಂತವಾಗಿ ತಿಳಿಸುವ ಆದೇಶಗಳ ಸರಣಿ. ಆ ಹಂತಗಳನ್ನು ಗುರುತಿಸುವುದೇ ಕಲಿಕೆಯ ಕಷ್ಟದ ಭಾಗ. ಅದಕ್ಕೆ ಕಂಪ್ಯೂಟರೂ ಬೇಡ, ಇಂಗ್ಲಿಷೂ ಬೇಡ.

ಹೊಲದ ಲೆಕ್ಕವನ್ನೇ ನೋಡಿ. ಒಂದು ಎಕರೆಗೆ 40 ಗುಂಟೆ. 3 ಎಕರೆ 25 ಗುಂಟೆಗೆ 2 ಎಕರೆ 30 ಗುಂಟೆ ಕೂಡಿಸಬೇಕು.

1. ಗುಂಟೆಗಳನ್ನು ಕೂಡಿಸಿ: 25 + 30 = 55.
2. ಅದನ್ನು 40ರಿಂದ ಭಾಗಿಸಿ: ಭಾಗಲಬ್ಧ 1, ಶೇಷ 15.
3. ಎಕರೆಗಳಿಗೆ ಭಾಗಲಬ್ಧವನ್ನು ಸೇರಿಸಿ: 3 + 2 + 1 = 6.
4. ಉತ್ತರ: 6 ಎಕರೆ 15 ಗುಂಟೆ.

ಸಂಖ್ಯೆಗಳು ಬದಲಾದರೂ ಹಂತಗಳು ಬದಲಾಗವು. ಬದಲಾಗುವ ಬೆಲೆಗಳಿಗೆ ಹೆಸರು ಕೊಟ್ಟರೆ ಅವೇ 'ಚರ'ಗಳು. ಹತ್ತು ಹೊಲಗಳಿದ್ದರೆ ಅದೇ ಹಂತಗಳನ್ನು ಮತ್ತೆ ಮತ್ತೆ ಮಾಡಬೇಕು, ಅದು 'ಪುನರಾವರ್ತನೆ'. 5 ಎಕರೆ 10 ಗುಂಟೆಯಲ್ಲಿ 2 ಎಕರೆ 30 ಗುಂಟೆ ಕಳೆಯುವಾಗ ಗುಂಟೆ ಸಾಲದೆ ಒಂದು ಎಕರೆಯನ್ನು ಒಡೆಯಬೇಕಾಗುತ್ತದೆ. 'ಸಾಲದಿದ್ದರೆ ಹೀಗೆ ಮಾಡು' ಎಂಬುದೇ 'ಷರತ್ತು'. ಎಲ್ಲ ಭಾಷೆಗಳ ಆರಂಭದ ಪಾಠಗಳೂ ಬಹುಪಾಲು ಈ ಮೂರರ ಸುತ್ತಲೇ ಇರುತ್ತವೆ.

ಹಾಗಾದರೆ ಭಾಷೆಗಳ ವ್ಯತ್ಯಾಸವೇನು? ಪೂರ್ಣಾಂಕ ಭಾಗಲಬ್ಧಕ್ಕೆ 1972ರ ಸುಮಾರಿಗೆ ರೂಪುಗೊಂಡ ಸಿ ಭಾಷೆಯಲ್ಲಿ / ಚಿಹ್ನೆ, 1991ರಲ್ಲಿ ಬಂದ ಪೈಥಾನಿನಲ್ಲಿ // ಚಿಹ್ನೆ. ಶೇಷಕ್ಕೆ ಎರಡರಲ್ಲೂ % ಚಿಹ್ನೆ. 2008ರಲ್ಲಿ ಬಂದ ಪೈಥಾನ್ 3ರಿಂದ ಚರಗಳಿಗೆ 'ಎಕರೆ', 'ಗುಂಟೆ' ಎಂದು ಕನ್ನಡದಲ್ಲೇ ಹೆಸರಿಡಬಹುದು. ಆದೇಶಪದಗಳು ಮಾತ್ರ ಇಂಗ್ಲಿಷಿನವು. ಮಕ್ಕಳ ಲೋಗೋ ಭಾಷೆಯನ್ನು ಯು. ಬಿ. ಪವನಜ ಅವರು ಕನ್ನಡಕ್ಕೇ ತಂದಿದ್ದಾರೆ.

ಈಗ ತೀರ್ಮಾನಕ್ಕೆ ಬರೋಣ. ಇಂತಹ ಹತ್ತು ಲೆಕ್ಕಗಳಿಗೆ ನೀವೇ ಹಂತ ಬರೆಯಬಲ್ಲಿರಾದರೆ ಕೋಚಿಂಗ್‌ಗೆ ಅವಸರವಿಲ್ಲ. ನಿಮ್ಮ ಕೋರ್ಸಿನ ಮೊದಲ ಸೆಮಿಸ್ಟರಿನಲ್ಲಿ ಯಾವ ಭಾಷೆ ಇದೆಯೆಂದು ತಿಳಿದು, ಅದೊಂದನ್ನೇ ಹಿಡಿಯಿರಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಉಚಿತ. ಅವುಗಳಲ್ಲಿ ಕೆಲವಕ್ಕೆ ಕನ್ನಡ ಧ್ವನಿಯೂ ಇದೆ. ಬರೆದ ಹಂತಗಳನ್ನು ಪರೀಕ್ಷಿಸಲು ಶಾಲೆಯ ಅಥವಾ ಗೆಳೆಯರ ಕಂಪ್ಯೂಟರ್ ವಾರಕ್ಕೆ ಒಂದೆರಡು ಗಂಟೆ ಸಿಕ್ಕರೂ ಆರಂಭಕ್ಕೆ ಸಾಕು. ಹಂತ ಬರೆಯುವಲ್ಲೇ ತೊಡಕಾದರೆ ಗಣಿತದ ಶಿಕ್ಷಕರನ್ನು ಕೇಳಿ. ಕೋಚಿಂಗ್ ಸೇರುವುದೇ ಆದರೆ, ಅಲ್ಲಿ ನಿಮ್ಮಿಂದಲೇ ಪ್ರೋಗ್ರಾಮ್ ಬರೆಸುತ್ತಾರೋ, ಬೋರ್ಡಿನ ಮೇಲಿನದನ್ನು ನಕಲು ಮಾಡಿಸುತ್ತಾರೋ ವಿಚಾರಿಸಿ. ಬಾಯಿಪಾಠ ಮಾಡಿದ ಪ್ರೋಗ್ರಾಮ್, ಪ್ರಶ್ನೆ ಸ್ವಲ್ಪ ಬದಲಾದರೂ ಕೈಕೊಡುತ್ತದೆ.

ಶಿಕ್ಷಕರು ತರಗತಿಯಲ್ಲಿ ಕೊಡಬಹುದಾದ ಚಟುವಟಿಕೆ: ಒಂದು ಗುಂಟೆಗೆ 16 ಆಣೆ. ಎಕರೆ, ಗುಂಟೆ, ಆಣೆ ಮೂರೂ ಇರುವ ಎರಡು ಹೊಲಗಳ ಅಳತೆಯನ್ನು ಕೂಡಿಸುವ ಹಂತಗಳನ್ನು ಬರೆಯಿರಿ. ನಂತರ ಅವನ್ನು ಲೆಕ್ಕ ಗೊತ್ತಿಲ್ಲದ ಗೆಳೆಯನಿಗೆ ಕೊಡಿ. ಅವನು ಏನನ್ನೂ ಕೇಳದೆ ಸರಿಯುತ್ತರ ತಲುಪಿದರೆ, ನಿಮ್ಮ ಮೊದಲ ಪ್ರೋಗ್ರಾಮ್ ಸಿದ್ಧವಾಯಿತು!