ಕಬ್ಬಿನಹಾಲಿನ ತದಿಗೆ

2022ರ ಮೇ 3ರಂದು ಗೋಡೆಯ ಕ್ಯಾಲೆಂಡರಿನ ಒಂದೇ ಚೌಕದಲ್ಲಿ ಮೂರು ಹೆಸರುಗಳು ಒತ್ತೊತ್ತಾಗಿ ನಿಂತಿದ್ದವು: ಅಕ್ಷಯ ತದಿಗೆ, ಬಸವ ಜಯಂತಿ, ರಂಜಾನ್. ದಾವಣಗೆರೆ ಜಿಲ್ಲೆಯ ಸಂತೇಬೆನ್ನೂರಿನಲ್ಲಿ ಪಾಳೆಯಗಾರರ ಕಾಲದ ಪುಷ್ಕರಣಿಯೂ ಅದರ ನೀರಿನ ನಡುವಣ ವಸಂತ ಮಂಟಪವೂ ಬದಿಯ ಮುಸಾಫಿರ್‌ಖಾನೆಯೂ ಒಂದೇ ನೋಟಕ್ಕೆ ದಕ್ಕುವಂತೆ, ಅಂದು ಮೂರು ಪರಂಪರೆಗಳ ಪರ್ವಗಳು ಒಂದೇ ಹಗಲಿಗೆ ದಕ್ಕಿದವು.

ಇದು ಪವಾಡವಲ್ಲ, ಲೆಕ್ಕ. ಇಸ್ಲಾಮೀ ವರ್ಷವು ಶುದ್ಧ ಚಾಂದ್ರಮಾನದ್ದಾದುದರಿಂದ ಇಂಗ್ಲಿಷ್ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ನಮ್ಮ ಪಂಚಾಂಗವಾದರೋ ಅಧಿಕಮಾಸವನ್ನು ಸೇರಿಸಿಕೊಂಡು ಋತುಗಳ ಜೊತೆ ಹೆಜ್ಜೆ ಹಾಕುತ್ತದೆ. ಹೀಗಾಗಿ 2021, 2022, 2023ರಲ್ಲಿ ಸತತವಾಗಿ ವೈಶಾಖದ ತದಿಗೆಯೊಡನೆ ಕೂಡಿ ಬಂದ ರಂಜಾನ್ ಹಬ್ಬ, ಅಧಿಕ ಶ್ರಾವಣವೊಂದು ನಡುವೆ ಬಂದ ಮೇಲೆ 2024ರಲ್ಲಿ ಚೈತ್ರಕ್ಕೆ ಸರಿಯಿತು. ಅದು ಮತ್ತೆ ವೈಶಾಖಕ್ಕೆ ಮರಳಲು ಸುಮಾರು ಮೂರು ದಶಕಗಳು ಬೇಕು. 2023ರ ಏಪ್ರಿಲ್ 22ರ ಚೌಕದಲ್ಲಂತೂ ವಿಶ್ವ ಭೂಮಿ ದಿನಕ್ಕೂ ಜಾಗ ಬೇಕಾಯಿತು!

ಜೈನ ಶ್ರಾವಕನಿಗೆ ಇಂಥ ಕೂಟಗಳು ಹೊಸತಲ್ಲ. ನಾಡೆಲ್ಲ ಹಣತೆ ಹಚ್ಚುವ ದೀಪಾವಳಿಯ ಅಮಾವಾಸ್ಯೆ ಅವನಿಗೆ ಮಹಾವೀರ ಸ್ವಾಮಿಯ ನಿರ್ವಾಣದ ದಿನ. ಗೌತಮ ಗಣಧರರಿಗೆ ಕೇವಲಜ್ಞಾನ ಪ್ರಾಪ್ತವಾದ ದಿನವೂ ಅದೇ. ನೂಲು ಹುಣ್ಣಿಮೆಯೆಂದರೆ ವಿಷ್ಣುಕುಮಾರ ಮುನಿ ಏಳುನೂರು ಮುನಿಗಳ ಉಪಸರ್ಗವನ್ನು ನಿವಾರಿಸಿದ ನೆನಪು. ನೆರೆಮನೆಯವರು ಶಿವರಾತ್ರಿಯ ಜಾಗರಣೆ ಮಾಡುವ ಮಾಘ ಬಹುಳ ಚತುರ್ದಶಿಯಂದು ಕನ್ನಡನಾಡಿನ ಜೈನರು ಆದಿನಾಥನ ಮೋಕ್ಷವನ್ನು ನೆನೆದು ಜಿನರಾತ್ರಿಯನ್ನು ಆಚರಿಸುತ್ತಾರೆ. ಆದರೆ ಈ ಎಲ್ಲ ಕೂಟಗಳಲ್ಲಿ ಇಂದು ಹೆಚ್ಚು ಮಸುಕಾಗಿರುವುದು ವೈಶಾಖ ಶುದ್ಧ ತದಿಗೆಯದು. ಅಂದು ಮುಂಜಾನೆಯಿಂದಲೇ ಚಿನ್ನದಂಗಡಿಗಳ ಮುಂದೆ ಸಾಲು. ಕೊಂಡ ಬಂಗಾರ ಅಕ್ಷಯವಾಗುವುದೆಂಬ ನಂಬಿಕೆ. ಜೈನ ಪುರಾಣದಲ್ಲಿ ಈ ದಿನದ ಕಥೆಯಾದರೋ ಬಂಗಾರವನ್ನು ಮುಟ್ಟದೆ ಮುಂದೆ ನಡೆದವನದು.

ಕ್ರಿ.ಶ. 941ರಲ್ಲಿ ಪಂಪನು ಕನ್ನಡಕ್ಕೆ ತಂದ ‘ಆದಿಪುರಾಣ’ದ ನಾಯಕ ವೃಷಭನಾಥ. ಕಲ್ಪವೃಕ್ಷಗಳು ಬತ್ತಿದ ಕಾಲದಲ್ಲಿ ಪ್ರಜೆಗಳಿಗೆ ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ವೃತ್ತಿಗಳನ್ನು ಕಲಿಸಿದವನು ಅವನು. ಕಬ್ಬಿನ ರಸ ತೆಗೆಯಲು ಕಲಿಸಿದ್ದರಿಂದಲೇ ಇಕ್ಷ್ವಾಕು ಎಂಬ ಹೆಸರೂ ಬಂದಿತೆಂದು ಪುರಾಣ ಹೇಳುತ್ತದೆ. ಅಂಥವನು ರಾಜ್ಯ ತೊರೆದು, ದೀಕ್ಷೆ ಪಡೆದು, ಆರು ತಿಂಗಳು ಉಪವಾಸದಲ್ಲಿ ಕಾಯೋತ್ಸರ್ಗದಲ್ಲಿ ನಿಂತನು. ಜೊತೆಗೆ ದೀಕ್ಷೆ ಪಡೆದ ನಾಲ್ಕು ಸಾವಿರ ಅರಸರು ಹಸಿವನ್ನು ತಾಳಲಾರದೆ ವ್ರತಭ್ರಷ್ಟರಾದರು. ಮುಂದೆ ಬರುವ ಮುನಿಗಳಿಗೆ ಆಹಾರದ ಮಾರ್ಗವನ್ನು ತೋರಬೇಕೆಂದು ಸ್ವಾಮಿಯು ಮೌನದಿಂದ ಚರಿಗೆಗೆ ಹೊರಟನು.

ಊರೂರಿನಲ್ಲಿಯೂ ಜನ ಓಡೋಡಿ ಬಂದರು. ರತ್ನಗಳನ್ನು ತಂದರು, ಪಟ್ಟೆವಸ್ತ್ರಗಳನ್ನು ತಂದರು. ಆನೆ ಕುದುರೆಗಳನ್ನು ತಂದು ಕಟ್ಟಿದರು. ಕನ್ಯೆಯರನ್ನು ಕರೆತಂದವರೂ ಉಂಟು. ಒಬ್ಬರಿಗೂ ಒಂದು ತುತ್ತು ಅನ್ನ ನೀಡಬೇಕೆಂದು ಹೊಳೆಯಲಿಲ್ಲ. ಅವರಲ್ಲಿ ಭಕ್ತಿಗೇನೂ ಕೊರತೆಯಿರಲಿಲ್ಲ. ಎದುರಿಗಿದ್ದವನಿಗೆ ಏನು ಬೇಕೆಂಬ ಅರಿವು ಇರಲಿಲ್ಲ. ಸ್ವಾಮಿಯು ಬಾಯಿಬಿಟ್ಟು ಕೇಳುವಂತಿಲ್ಲ, ಯಾಚನೆ ಮುನಿಧರ್ಮವಲ್ಲ. ಆರು ವೃತ್ತಿಗಳನ್ನೂ ಕಲಿಸಿದ ಲೋಕಗುರು, ಕೊಡುವುದು ಹೇಗೆಂಬ ಈ ಒಂದು ಪಾಠವನ್ನು ತಾನೇ ಹೇಳಿಕೊಡಲಾರದೆ, ಬಾಗಿಲಿಂದ ಬಾಗಿಲಿಗೆ ತಿಂಗಳುಗಟ್ಟಲೆ ನಡೆದನು. ಆದಿಪುರಾಣದಲ್ಲಿ ಇದಕ್ಕಿಂತ ಮನ ಕಲಕುವ ಪ್ರಸಂಗಗಳು ವಿರಳ.

ಕೊನೆಗೆ ಹಸ್ತಿನಾಪುರ. ಅಲ್ಲಿನ ಅರಸ ಸೋಮಪ್ರಭನ ತಮ್ಮ ಶ್ರೇಯಾಂಸನಿಗೆ ಹಿಂದಿನ ರಾತ್ರಿ ಮೇರುಪರ್ವತವೇ ಮೊದಲಾದ ಶುಭಸ್ವಪ್ನಗಳು ಕಂಡಿದ್ದವು. ಬೀದಿಯಲ್ಲಿ ಸ್ವಾಮಿಯನ್ನು ಕಂಡೊಡನೆ ಅವನಿಗೆ ಜಾತಿಸ್ಮರಣೆಯಾಯಿತು. ಹಿಂದೊಂದು ಭವದಲ್ಲಿ ಈ ಸ್ವಾಮಿಯೇ ವಜ್ರಜಂಘ, ತಾನು ಅವನ ಮಡದಿ ಶ್ರೀಮತಿ. ಇಬ್ಬರೂ ಕೂಡಿ ಚಾರಣಮುನಿಗಳಿಗೆ ಆಹಾರದಾನ ಮಾಡಿದ್ದು ನೆನಪಿಗೆ ಬಂದಿತು. ಅದರೊಡನೆ ದಾನದ ವಿಧಿಯೂ ನೆನಪಾಯಿತು. ಶ್ರೇಯಾಂಸನು ಎದುರುಗೊಂಡು, ಉಚ್ಚಾಸನವಿತ್ತು, ಪಾದ ತೊಳೆದು, ಅರ್ಚಿಸಿ, ನಮಿಸಿ, ಮನ, ವಚನ, ಕಾಯ ಮತ್ತು ಆಹಾರಗಳ ಶುದ್ಧಿಯೊಡನೆ ಕಬ್ಬಿನ ರಸವನ್ನು ನೀಡಿದನು. ನಿಂತಲ್ಲೇ ಸ್ವಾಮಿಯು ಅದನ್ನು ತನ್ನ ಬೊಗಸೆಯಲ್ಲಿ ಸ್ವೀಕರಿಸಿದನು. ರತ್ನವೃಷ್ಟಿ, ಪುಷ್ಪವೃಷ್ಟಿ ಮೊದಲಾದ ಪಂಚಾಶ್ಚರ್ಯಗಳು ಆ ಮೇಲೆ ನಡೆದವು. ರತ್ನ ಬಂದದ್ದು ಕೊಟ್ಟ ನಂತರ ಎಂಬುದನ್ನು ಚಿನ್ನದ ಸಾಲಿನಲ್ಲಿ ನಿಂತವರು ಗಮನಿಸಬಹುದು.

ಈ ತಿಥಿಯಲ್ಲಿ ಬಸವಣ್ಣನವರ ಜಯಂತಿಯೂ ಬರುವುದು ಕನ್ನಡನಾಡಿನ ಭಾಗ್ಯ. ಅದನ್ನು ಸಾರ್ವಜನಿಕ ಉತ್ಸವವಾಗಿ ಆರಂಭಿಸಿದ್ದು 1913ರಲ್ಲಿ, ದಾವಣಗೆರೆಯಲ್ಲಿ, ಹರ್ಡೇಕರ ಮಂಜಪ್ಪನವರು. ಶರಣರ ದಾಸೋಹವೂ ಶ್ರಾವಕರ ಆಹಾರದಾನವೂ ಒಂದೇ ಎನ್ನಲಾಗದು. ಪಾತ್ರದಾನದಲ್ಲಿ ಮುನಿಯ ಸಂಯಮಕ್ಕೆ ನೆರವಾಗುವ ಭಾವ ಮುಖ್ಯ; ದಾಸೋಹದಲ್ಲಿ ಕಾಯಕದಿಂದ ಬಂದುದನ್ನು ಸಮುದಾಯಕ್ಕೆ ಸಲ್ಲಿಸುವ ಭಾವ ಮುಖ್ಯ. ಎರಡನ್ನೂ ಕಲಸಿ ಒಂದು ಮಾಡುವ ಅಗತ್ಯವೂ ಇಲ್ಲ. ಕೊಡುವವನು ತಾನು ದೊಡ್ಡವನೆಂದು ಬೀಗಬಾರದೆಂಬುದರಲ್ಲಿ ಮಾತ್ರ ಎರಡಕ್ಕೂ ಒಮ್ಮತವಿದೆ. ರಂಜಾನ್ ನಮಾಜಿಗೆ ಮುನ್ನ ಬಡವರಿಗೆ ಸಲ್ಲಬೇಕಾದ ಫಿತ್ರ್ ದಾನವನ್ನೂ ಇಲ್ಲಿ ನೆನೆಯಬಹುದು.

ಶ್ವೇತಾಂಬರರಲ್ಲಿ ವರ್ಷವಿಡೀ ದಿನಬಿಟ್ಟು ದಿನ ಉಪವಾಸವಿದ್ದು ವರ್ಷೀತಪವನ್ನು ಆಚರಿಸಿದವರು ಈ ತದಿಗೆಯಂದು ಕಬ್ಬಿನ ರಸದಿಂದಲೇ ಪಾರಣೆ ಮಾಡುತ್ತಾರೆ. ಪುರಾಣದಲ್ಲಿಯಾದರೆ, ಸುದ್ದಿ ತಿಳಿದ ಭರತ ಚಕ್ರವರ್ತಿಯು ಶ್ರೇಯಾಂಸನನ್ನು ಕಂಡು, ಮೌನದಲ್ಲಿದ್ದ ಸ್ವಾಮಿಯ ಮನಸ್ಸನ್ನು ನೀನು ಹೇಗೆ ಅರಿತೆ ಎಂದು ಕೇಳುತ್ತಾನೆ. ಷಟ್ಖಂಡಾಧಿಪತಿಯಾಗಲಿದ್ದವನು ಕೇಳುತ್ತ ಕುಳಿತನು. ಶ್ರೇಯಾಂಸನು ಶ್ರೀಮತಿಯ ಭವದ ಕಥೆಯನ್ನು ಮೊದಲಿನಿಂದ ಹೇಳಿದನು.