ಸೊರಬ: ಮಣ್ಣಿನಿಂದ ಮನೆತನದವರೆಗೆ

ಕ್ಯಾಸನೂರಿನ ಹೆಸರನ್ನು ಲೋಕಕ್ಕೆ ಪರಿಚಯಿಸಿದ್ದು 1957ರಲ್ಲಿ ಕಾಣಿಸಿದ ಮಂಗನ ಕಾಯಿಲೆ. ಆ ಕಾಡನ್ನು ಒಳಗೊಂಡ ಸೊರಬ ತಾಲ್ಲೂಕಿಗೆ ರಾಜಕೀಯದಲ್ಲಿಯೂ ಒಂದು ಹೆಸರುಂಟು. ಅದು ಮಣ್ಣಿನಿಂದ ಹುಟ್ಟಿದ್ದು.

ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಭತ್ತವನ್ನಳೆಯುವ ಕೊಳಗದ ಗಾತ್ರವೇ ಆ ಕಲಹದ ಮೂಲ. ಒಡೆಯನ ಅಳತೆಯನ್ನು ಒಕ್ಕಲು ಪ್ರಶ್ನಿಸಿದಂದಿನಿಂದ ಮಲೆನಾಡಿನ ಚುನಾವಣೆಗೆ ಬೇರೊಂದು ಅರ್ಥ ಬಂದಿತು. ಮರುವರ್ಷವೇ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಿಂದ ವಿಧಾನಸಭೆಗೆ ಆರಿಸಿಬಂದರು.

ಅದೇ ಸಮಾಜವಾದದ ಗಾಳಿಯಲ್ಲಿ ಬೆಳೆದವರು ಸೊರಬ ತಾಲ್ಲೂಕಿನ ಕುಬಟೂರಿನ ಎಸ್. ಬಂಗಾರಪ್ಪನವರು. 1967ರಿಂದ 1994ರವರೆಗೆ ಏಳು ಚುನಾವಣೆಗಳಲ್ಲಿ ಅವರು ಸೊರಬವನ್ನು ಗೆದ್ದರು; 1990ರಲ್ಲಿ ಮುಖ್ಯಮಂತ್ರಿಯಾದರು. ಅವರು ಪಕ್ಷ ಬದಲಿಸಿದಾಗಲೂ ಮತದಾರನು ಅವರನ್ನು ಬಿಡಲಿಲ್ಲ.

ಈ ನಡುವೆ ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯಿಂದ ಉಳುವವನಿಗೆ ಒಡೆತನ ದೊರೆಯಿತು. ಹೋರಾಟದ ಕಾವು ಇಳಿದಂತೆ ಮನೆತನದ ಕಾವು ಏರಿತು. 2004ರಲ್ಲಿ ಬಂಗಾರಪ್ಪನವರ ಮಕ್ಕಳಾದ ಕುಮಾರ್ ಮತ್ತು ಮಧು ಎದುರುಬದುರಾದರು; ಗೆದ್ದವರು ಕುಮಾರ್. 2008ರಲ್ಲಿ ಹರತಾಳು ಹಾಲಪ್ಪನವರಿಗೆ ಒಲಿದ ಕ್ಷೇತ್ರ, 2013ರಲ್ಲಿ ಮಧು ಅವರಿಗೂ 2018ರಲ್ಲಿ ಕುಮಾರ್ ಅವರಿಗೂ 2023ರಲ್ಲಿ ಮರಳಿ ಮಧು ಅವರಿಗೂ ದಕ್ಕಿತು.

ಹಾಗಾದರೆ ಮಣ್ಣಿನ ಪ್ರಶ್ನೆ ಮುಗಿಯಿತೇ? ಇಲ್ಲ. ಕಾಡಿನಂಚಿನ ಬಗರ್‌ಹುಕುಂ ಸಾಗುವಳಿದಾರನು ಇಂದಿಗೂ ಹಕ್ಕುಪತ್ರಕ್ಕಾಗಿ ಕಾದಿದ್ದಾನೆ. ಅಣ್ಣನೋ ತಮ್ಮನೋ ಎಂಬ ಕುತೂಹಲದಲ್ಲಿ ಅವನ ಅರ್ಜಿ ಮರೆಯಾಗಬಾರದು. ಕೊಳಗದ ಅಳತೆಯನ್ನೇ ಪ್ರಶ್ನಿಸಿದ ನಾಡು, ತನ್ನ ಪ್ರತಿನಿಧಿಯನ್ನೂ ಅಳೆದು ನೋಡಿಯೇ ಆರಿಸಬೇಕು.