ಒಂದೇ ಕನೆಕ್ಷನ್, ಮನೆ ಮಂದಿಗೆಲ್ಲ ವೈಫೈ



ಕಳೆದ ತಿಂಗಳು ನಿಮ್ಮ ಮನೆಯಲ್ಲಿ ಎಷ್ಟು ಮೊಬೈಲ್‌ಗೆ ರೀಚಾರ್ಜ್ ಮಾಡಿಸಿದಿರಿ, ಒಮ್ಮೆ ಲೆಕ್ಕ ಹಾಕಿ. ಯಜಮಾನರದ್ದು, ಮಗನದ್ದು, ಕಾಲೇಜಿಗೆ ಹೋಗುವ ಮಗಳದ್ದು, ನಿಮ್ಮದು. ನಾಲ್ಕಕ್ಕೂ ಡೇಟಾ ಪ್ಯಾಕ್. ಆ ದುಡ್ಡು ಬಹುಪಾಲು ಹಾಲಿನ ಬಟವಾಡೆಯಿಂದಲೇ ಹೋಗಿರುತ್ತದೆ. ಆದರೂ ಸಂಜೆಯಾದರೆ “ಅಮ್ಮ, ನನ್ನ ನೆಟ್ ಮುಗೀತು, ನಿನ್ನ ಫೋನ್ ಕೊಡು” ಎನ್ನುವುದು ತಪ್ಪುವುದಿಲ್ಲ. ಹಸುವಿಗೆ ಕೆಚ್ಚಲು ಬಾವು ಕಂಡು ಡಾಕ್ಟರಿಗೆ ಫೋಟೊ ಕಳಿಸೋಣವೆಂದರೆ ಆ ಹೊತ್ತಿಗೆ ಫೋನ್ ನಿಮ್ಮ ಕೈಯಲ್ಲಿರುವುದಿಲ್ಲ.

ಊರಿಗೆ ಫೈಬರ್ ಲೈನ್ ಬಂದಿದ್ದರೆ ಮನೆಗೆ ಒಂದೇ ಕನೆಕ್ಷನ್ ಪಡೆದು ಎಲ್ಲರೂ ಹಂಚಿಕೊಳ್ಳಬಹುದು. 399 ರೂ. ಎಂದು ಹೇಳುವ ಪ್ಲಾನ್‌ಗೆ ಶೇ. 18 ಜಿ.ಎಸ್.ಟಿ. ಸೇರಿ ತಿಂಗಳಿಗೆ ಸುಮಾರು 471 ರೂ. ಬೀಳುತ್ತದೆ. ಬಾಯಲ್ಲಿ ಹೇಳಿದ ದರ ನಂಬದೆ ತೆರಿಗೆ ಸೇರಿ ಎಷ್ಟೆಂದು ಕೇಳಿ. ವೇಗ 30 ಎಂ.ಬಿ.ಪಿ.ಎಸ್. ಇದ್ದರೆ ನಾಲ್ಕು ಜನ ಒಟ್ಟಿಗೆ ಮೊಬೈಲಿನಲ್ಲಿ ವಿಡಿಯೋ ನೋಡಲು ಸಾಕು. ಮನೆಯಲ್ಲಿ ಇಬ್ಬರೇ ಇದ್ದು ನೆಟ್ ಬಳಕೆಯೂ ಕಡಿಮೆಯಿದ್ದರೆ ಈ ಖರ್ಚು ಬೇಡ, ಮೊಬೈಲ್ ಪ್ಯಾಕೇ ಅಗ್ಗ.

ಕೊಳವೆಬಾವಿಯ ನೀರು ಒಂದೇ ಪೈಪಿನಲ್ಲಿ ಬಂದು ಅಡುಗೆಮನೆ, ಬಚ್ಚಲು, ಕೊಟ್ಟಿಗೆಯ ನಲ್ಲಿಗಳಿಗೆ ಹಂಚಿಹೋಗುತ್ತದಲ್ಲ, ರೂಟರ್ ಮಾಡುವುದೂ ಅದನ್ನೇ. ಒಬ್ಬರು ನಲ್ಲಿ ಪೂರ್ತಿ ತಿರುಗಿಸಿದರೆ ಉಳಿದವರಿಗೆ ಸಣ್ಣಗೆ ಬರುವುದೂ ಹಾಗೇ. ಅಂಗಡಿಗೆ ಹೋಗುವ ಮೊದಲು ಲೈನಿನವರು ಕೊಡುವ ಪೆಟ್ಟಿಗೆಯಲ್ಲೇ ವೈಫೈ ಇದೆಯೇ ಕೇಳಿ. ಈಗಿನ ಬಹಳಷ್ಟು ಪೆಟ್ಟಿಗೆಗಳಲ್ಲಿ ಇರುತ್ತದೆ. ಇಲ್ಲದಿದ್ದರೆ ಸಾವಿರ ರೂಪಾಯಿ ಆಸುಪಾಸಿನ ಸಾದಾ ರೂಟರ್ ಸಾಕು. ನಾಲ್ಕು ಕೊಂಬಿದ್ದರೆ ನಾಲ್ಕು ಪಟ್ಟು ದೂರ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಪೆಟ್ಟಿಗೆ ಎಲ್ಲಿ ಕೂರುತ್ತದೆ ಎಂಬುದು ಅದರ ಬೆಲೆಗಿಂತ ಮುಖ್ಯ. ಲೈನ್ ಎಳೆಯುವ ಹುಡುಗರು ಬರುವಾಗ ನೀವು ಮೇವು ತರಲು ಹೋಗಿರುತ್ತೀರಿ. ಅವರು ಬೀದಿ ಕಡೆಯ ಗೋಡೆಗೆ, ಟಿ.ವಿ. ಪಕ್ಕದಲ್ಲಿ ಹೊಡೆದು ಹೋಗುತ್ತಾರೆ. ನಾನು ಭೇಟಿ ಕೊಟ್ಟ ಒಂದು ಮನೆಯಲ್ಲಿ ಜಗಲಿಯಲ್ಲಿ ಕೂತ ಪಕ್ಕದ ಮನೆ ಹುಡುಗರಿಗೆ ವೈಫೈ ಚೆನ್ನಾಗಿ ಸಿಗುತ್ತಿತ್ತು, ಬಿಲ್ ಕಟ್ಟುವ ಗೃಹಿಣಿಗೆ ಅಡುಗೆಮನೆಯಲ್ಲೂ ಸಿಗುತ್ತಿರಲಿಲ್ಲ. ದಪ್ಪ ಮಣ್ಣಿನ ಗೋಡೆ, ಕಲ್ಲಿನ ಗೋಡೆ, ಜಿಂಕ್ ಶೀಟು, ಕಬ್ಬಿಣದ ಬೀರು, ನೀರಿನ ಡ್ರಮ್ಮು ಇವೆಲ್ಲ ಸಿಗ್ನಲ್ ತಡೆಯುತ್ತವೆ. ಆದ್ದರಿಂದ ರೂಟರ್ ಮನೆಯ ನಡುಭಾಗದಲ್ಲಿ, ಆಳೆತ್ತರಕ್ಕಿಂತ ಮೇಲೆ, ತೆರೆದ ಜಾಗದಲ್ಲಿರಲಿ. ಬೀರುವಿನ ಒಳಗೆ ಇಡಬೇಡಿ. ಕೆಲವು ರೂಟರ್‌ಗಳಲ್ಲಿ ಎರಡು ಹೆಸರು ಕಾಣುತ್ತವೆ. 5ಜಿ ಎಂದು ಬರೆದದ್ದು ಹತ್ತಿರದಲ್ಲಿ ವೇಗ ಹೆಚ್ಚು, ಗೋಡೆ ದಾಟಿದರೆ ಸೊರಗುತ್ತದೆ. ಇನ್ನೊಂದು, ಅಂದರೆ 2.4, ನಿಧಾನವಾದರೂ ದೂರ ಹೋಗುತ್ತದೆ. ಹಿತ್ತಲಿನಲ್ಲಿ ಕೆಲಸ ಮಾಡುವ ನಿಮಗೆ ಅದೇ ಸರಿ.

ಆದರೂ ಕೊಟ್ಟಿಗೆಗೆ ಮುಟ್ಟದಿದ್ದರೆ ಇನ್ನೊಂದು ಅಗ್ಗದ ರೂಟರ್ ತಂದು, ಮೊದಲನೆಯದರಿಂದ ಲ್ಯಾನ್ ಕೇಬಲ್ ಎಳೆಸಿ. ಈ ಕೇಬಲ್ 100 ಮೀಟರ್‌ವರೆಗೆ ಕೆಲಸ ಮಾಡುತ್ತದೆ. “ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿಕೊಡಿ” ಎಂದು ಹೇಳಿದರೆ ಗೊತ್ತಿದ್ದವರಿಗೆ ಅರ್ಥವಾಗುತ್ತದೆ. ಅದನ್ನು ಕೊಟ್ಟಿಗೆಯೊಳಗೆ ಮಾತ್ರ ಇಡಬೇಡಿ. ತೊಳೆಯುವ ನೀರು, ಗಂಜಲದ ಆವಿಗೆ ಬೇಗ ಹಾಳಾಗುತ್ತದೆ. ಕೊಟ್ಟಿಗೆ ಕಡೆಯ ಗೋಡೆಗೆ, ಮನೆಯೊಳಗೇ, ಕಿಟಕಿ ಪಕ್ಕ ಹಾಕಿಸಿ.

ಪಾಸ್‌ವರ್ಡ್ ಎರಡು ಇರುತ್ತವೆ. ಒಂದು ಫೋನಿಗೆ ವೈಫೈ ಸೇರಿಸಲು. ಇನ್ನೊಂದು ರೂಟರಿನ ಸೆಟ್ಟಿಂಗ್ ತೆರೆಯಲು. ಇದು ಕೆಲವು ಅಗ್ಗದ ರೂಟರ್‌ಗಳಲ್ಲಿ ಬರೀ ‘ಅಡ್ಮಿನ್’ ಎಂದಿರುತ್ತದೆ. ಎರಡನ್ನೂ ಮೊದಲ ದಿನವೇ ಬದಲಿಸಿ, ಎರಡೂ ನಿಮ್ಮ ಬಳಿ ಇರಲಿ. ಮಗನಿಗೆ ಮಾತ್ರ ಗೊತ್ತಿದ್ದರೆ ಅವನು ಬೆಂಗಳೂರಿಗೆ ಹೋದ ಮೇಲೆ ನೀವು ಯಾರನ್ನು ಕೇಳುತ್ತೀರಿ? ಹಾಲಿನ ಪಾಸ್‌ಬುಕ್ಕಿನ ಹಿಂದೆ ಬರೆಯಬೇಡಿ, ಅದು ಡೇರಿಯಲ್ಲಿ ಹತ್ತು ಜನರ ಕೈಗೆ ಹೋಗುತ್ತದೆ. ಊರೆಲ್ಲ ಗೊತ್ತಾಗಿಹೋಗಿದ್ದರೆ ಪಾಸ್‌ವರ್ಡ್ ಬದಲಿಸಿ. ಎಲ್ಲರ ಫೋನೂ ಹೊರಬೀಳುತ್ತದೆ, ಬೇಕಾದವರಿಗೆ ಮತ್ತೆ ಕೊಟ್ಟರಾಯಿತು.

ಪಕ್ಕದ ಮನೆಯವರು “ಅರ್ಧ ದುಡ್ಡು ಕೊಡ್ತೀವಿ ಅಕ್ಕ” ಎಂದರೆ ಇಲ್ಲ ಎನ್ನುವುದು ಕಷ್ಟವೇ. ಆದರೆ ಮನೆಗೆಂದು ಪಡೆದ ಲೈನನ್ನು ಹಣಕ್ಕೆ ಹಂಚಲು ಕಂಪನಿಗಳ ನಿಯಮ ಸಾಮಾನ್ಯವಾಗಿ ಒಪ್ಪುವುದಿಲ್ಲ. ನಿಮ್ಮ ವೈಫೈಯಿಂದ ಯಾರೋ ಮೋಸದ ಕೆಲಸ ಮಾಡಿದರೆ ಪೊಲೀಸರು ಮೊದಲು ವಿಚಾರಿಸುವುದು ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರನ್ನು. ಪರೀಕ್ಷೆ ಸಮಯದಲ್ಲಿ ಪಕ್ಕದ ಮನೆ ಮಗು ನಿಮ್ಮ ಮನೆಯಲ್ಲೇ ಕೂತು ಓದಿಕೊಳ್ಳಲಿ, ಅದು ಬೇರೆ ಮಾತು.

ವೈಫೈ ಬಂತೆಂದು ಸಿಮ್ ರೀಚಾರ್ಜ್ ಪೂರ್ತಿ ನಿಲ್ಲಿಸಿದವರು ಪೇಚಿಗೆ ಸಿಕ್ಕಿದ್ದನ್ನು ನೋಡಿದ್ದೇನೆ. ಬ್ಯಾಂಕಿನ ಒ.ಟಿ.ಪಿ., ಹಾಲಿನ ಪ್ರೋತ್ಸಾಹಧನ ಜಮಾ ಆದ ಸಂದೇಶ ಬರುವುದು ಸಿಮ್ ನಂಬರಿಗೆ. ಅದು ಬಂದ್ ಆದರೆ ಮನೆಯಲ್ಲಿ ಎಷ್ಟು ವೇಗದ ವೈಫೈ ಇದ್ದರೂ ಉಪಯೋಗವಿಲ್ಲ. ಡೇಟಾ ಇಲ್ಲದೆ ಬರೀ ಕರೆ ಮತ್ತು ಎಸ್.ಎಂ.ಎಸ್. ಇರುವ ಪ್ಯಾಕ್ ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ತಂದಿದೆ. ಮನೆಯಲ್ಲೇ ಇರುವವರ ಸಿಮ್‌ಗೆ ಅಂಗಡಿಯಲ್ಲಿ ಅದನ್ನೇ ಕೇಳಿ ಹಾಕಿಸಿ. ಉಳಿತಾಯ ಆಗುವುದು ಇಲ್ಲೇ.

ಕರೆಂಟ್ ಖರ್ಚಿಗೆ ಹೆದರಬೇಕಿಲ್ಲ. 10 ವ್ಯಾಟಿನ ರೂಟರ್ ಹಗಲು ರಾತ್ರಿ ಉರಿದರೂ ತಿಂಗಳಿಗೆ ಸುಮಾರು 7 ಯೂನಿಟ್. ಹೆದರಬೇಕಾದದ್ದು ಗುಡುಗು ಸಿಡಿಲಿಗೆ. ಫೈಬರ್ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ ನಿಜ, ಆದರೆ ಪ್ಲಗ್ಗಿನ ಮೂಲಕ, ಅಂಗಳದಲ್ಲಿ ಎಳೆದ ಲ್ಯಾನ್ ಕೇಬಲ್ ಮೂಲಕ ಸಿಡಿಲಿನ ಹೊಡೆತ ಒಳಗೆ ಬರುತ್ತದೆ. ಮೋಡ ಕವಿದು ಗುಡುಗು ಶುರುವಾಗುವ ಮೊದಲೇ ಎರಡನ್ನೂ ಕಿತ್ತಿಡಿ. ಸುಟ್ಟ ಪೆಟ್ಟಿಗೆಯನ್ನು ಬದಲಿಸಿ ಕೊಡುತ್ತಾರೆಯೇ, ದುಡ್ಡು ಕೇಳುತ್ತಾರೆಯೇ ಎಂಬುದನ್ನು ಲೈನ್ ಹಾಕುವ ದಿನವೇ ಕೇಳಿ, ರಸೀದಿಯ ಮೇಲೆ ಬರೆಸಿಕೊಳ್ಳಿ.